ಟ್ಯೂಬಿನಲ್ಲಿ ಎರಡು ತೂತು

ಅಮ್ಮನಿಗೆ ಹೊಟ್ಟೆ ಡಯಾಲಿಸಿಸ್ ಶುರುವಾಗಿ ಎರಡು ವರ್ಷ. ಕಿಡ್ನಿಯ ಕೆಲಸಕ್ಕೆ ಬದಲಾಗಿ, ಟ್ಯೂಬಿನಲ್ಲಿ ಹೊಟ್ಟೆಗೆ ಔಷಧಿ ನೀರು ಬಿಟ್ಟು ಕೆಲವು ಗಂಟೆ ಆದ ಮೇಲೆ ಹೊರಗೆ ತೆಗೆಯುವುದು. ದಿನಕ್ಕೆ ನಾಲ್ಕು ಬ್ಯಾಗ್, ಒಂದೊಂದೂ ಎರಡು ಲೀಟರ್. ಹೊರಗೆ ಬಂದ ನೀರಿನ ಬ್ಯಾಗನ್ನು ಪೇಪರ್ ಮೇಲೆ ಇಟ್ಟು ನೋಡುತ್ತೇನೆ. ಅಕ್ಷರ ಕಂಡರೆ ಸಮಾಧಾನ, ಕಾಣದಿದ್ದರೆ ಸೋಂಕಿನ ಅನುಮಾನ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ದಪ್ಪಕ್ಷರದ ಹೆಡ್ಡಿಂಗೂ ಕಾಣಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗಿತ್ತು.

"ರಾತ್ರಿಯಿಂದ ಹೊಟ್ಟೆ ಹಿಂಡ್ತಿದೆ ಕಣೇ. ನಿನ್ನ ನಿದ್ದೆ ಕೆಡಿಸೋದು ಬೇಡ ಅಂತ ಸುಮ್ನಿದ್ದೆ" ಅಂದಳು ಅಮ್ಮ.

ಆ ಬ್ಯಾಗನ್ನೇ ಹಿಡಿದುಕೊಂಡು ಸಾಗರದಿಂದ ಶಿವಮೊಗ್ಗಕ್ಕೆ ಹೊರಟೆವು. ದಯವಿಟ್ಟು ನೀವೂ ಹಾಗೇ ಮಾಡಿ. ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ಮಾತ್ರೆ ಕೊಡಬೇಡಿ. ಔಷಧಿ ಬೀಳುವ ಮೊದಲೇ ನೀರು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ ಹೋದರೆ ಬ್ಯಾಕ್ಟೀರಿಯಾ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ. ಆ ನೀರಿನ ಒಂದು ಮೈಕ್ರೋಲೀಟರಿನಲ್ಲಿ ಬಿಳಿ ರಕ್ತಕಣ 100 ದಾಟಬಾರದು, ಅಮ್ಮನದು 2,400 ಇತ್ತು. ವರದಿಗೆ ಕಾಯದೆ ವ್ಯಾಂಕೊಮೈಸಿನ್, ಸೆಫ್ಟಾಜಿಡಿಮ್ ಅನ್ನುವ ಎರಡು ಆಂಟಿಬಯಾಟಿಕ್‌ಗಳನ್ನೂ ಡಯಾಲಿಸಿಸ್ ನೀರಿಗೇ ಬೆರೆಸಿ ಹೊಟ್ಟೆಗೆ ಬಿಟ್ಟರು.

ಮೂರನೇ ದಿನ ಡಾಕ್ಟರ್ ವರದಿ ಹಿಡಿದು ಬಂದರು. "ಮನೇಲಿ ಬೆಕ್ಕು ಇದೆಯಾ?"

ಇದೆ. ಚಿನ್ನಿ. ಅಮ್ಮನ ಪಕ್ಕದಲ್ಲೇ ಮಲಗುವುದು.

ಕಲ್ಚರ್‌ನಲ್ಲಿ ಬೆಳೆದದ್ದು ಪಾಶ್ಚುರೆಲ್ಲಾ ಮಲ್ಟೋಸಿಡಾ, ಬೆಕ್ಕಿನ ಬಾಯಲ್ಲಿರುವ ಬ್ಯಾಕ್ಟೀರಿಯಾ. ಡಯಾಲಿಸಿಸ್‌ನವರಿಗೆ ಹೆಚ್ಚಾಗಿ ತಗಲುವುದು ಚರ್ಮದ ಮೇಲಿನ ಸ್ಟೆಫೈಲೋಕಾಕಸ್ ಜಾತಿಯವು, ಇದು ಅಪರೂಪ. ನರ್ಸ್ ಮೊಬೈಲ್ ಟಾರ್ಚ್ ಹಾಕಿ ಅಮ್ಮನ ಹೊಟ್ಟೆಯಿಂದ ಇಳಿಬಿದ್ದಿದ್ದ ಟ್ಯೂಬನ್ನು ಬೆರಳಲ್ಲಿ ಒತ್ತುತ್ತಾ ಹೋದರು. ತುದಿಯ ಹತ್ತಿರ ಸೂಜಿಮೊನೆಯಷ್ಟು ಎರಡು ತೂತು. ಒತ್ತಿದಾಗ ಸಾಸಿವೆಯಷ್ಟು ಹನಿ ಮೂಡಿತು. ಹಿಂದಿನ ದಿನ ನೈಟಿ ಒದ್ದೆಯಾಗಿತ್ತು ಅಂತ ಅಮ್ಮನಿಗೆ ಆಗ ನೆನಪಾಯಿತು. ಬೆವರು ಅಂದುಕೊಂಡಿದ್ದಳಂತೆ. ತರಬೇತಿಯ ದಿನವೇ ಸಾಕುಪ್ರಾಣಿ ದೂರ ಇರಲಿ ಅಂತ ಹೇಳಿದ್ದರು. ನಾನು ತಲೆಯಾಡಿಸಿ ಬಂದಿದ್ದೆ. ಆ ಸಂಕಟ ಇನ್ನೂ ಹೋಗಿಲ್ಲ.

ವ್ಯಾಂಕೊಮೈಸಿನ್ ಈ ಜಾತಿಯ ಮೇಲೆ ಕೆಲಸ ಮಾಡುವುದಿಲ್ಲ, ನಿಲ್ಲಿಸಿದರು. ತೂತಾದ ಹೊರಗಿನ ಟ್ಯೂಬನ್ನು ಬದಲಾಯಿಸಿದರು. ಸೆಫ್ಟಾಜಿಡಿಮ್ ಮೂರು ವಾರ ನಡೆಯಿತು. ಐದು ದಿನಕ್ಕೂ ನೀರು ತಿಳಿಯಾಗದಿದ್ದರೆ ಹೊಟ್ಟೆಯೊಳಗೆ ಕೂರಿಸಿದ ಟ್ಯೂಬನ್ನೇ (ಕ್ಯಾತಿಟರ್) ತೆಗೆಯಬೇಕಾಗುತ್ತದೆ ಅಂದಿದ್ದರು. ನಾಲ್ಕನೇ ದಿನ ಬ್ಯಾಗಿನಡಿ ಪೇಪರ್ ಹಿಡಿದೆ. ಅಡಿಕೆ ಧಾರಣೆಯ ಸಣ್ಣ ಅಂಕಿಗಳೂ ಕಂಡವು. ಅಮ್ಮನಿಗೆ ರಾಶಿ, ಬೆಟ್ಟೆ ಎರಡರ ರೇಟೂ ಓದಿ ಹೇಳಿದೆ.

ಈಗ ಅಮ್ಮ ಮಲಗುವ ಕೋಣೆಗೆ ಚಿನ್ನಿಗೆ ಪ್ರವೇಶವಿಲ್ಲ. ಟ್ಯೂಬ್ ಸೊಂಟಕ್ಕೆ ಕಟ್ಟಿದ ಬಟ್ಟೆಚೀಲದೊಳಗೆ ಇರುತ್ತದೆ. ಸಂಜೆ ಜಗಲಿಯಲ್ಲಿ ಅಮ್ಮ ಚಿನ್ನಿಯ ತಲೆ ಸವರುತ್ತಾಳೆ, ಆಮೇಲೆ ಒಳಗೆ ಬಂದು ಸೋಪು ಹಾಕಿ ಮೊಣಕೈವರೆಗೂ ತೊಳೆಯುತ್ತಾಳೆ.