ಮಧ್ಯಾಹ್ನ ಅಂದ್ರೆ ಎಷ್ಟು ಗಂಟೆ?

ನನ್ನ ಕೆಲಸ ಏನು ಅಂತ ಮನೇಲಿ ಕೇಳಿದ್ರೆ ಹೀಗೆ ಹೇಳ್ತೀನಿ. ವಠಾರದ ಅಂಗಳದಲ್ಲಿ ಕೂತಿದೀರ, ಒಗ್ಗರಣೆ ವಾಸನೆ ಬಂತು, ಯಾರ ಮನೇದು ಅಂತ ಎದ್ದು ನೋಡದೇ ಹೇಳ್ಬೇಕು. ಗಾಳಿ ಯಾವ ಕಡೆಯಿಂದ ಬೀಸ್ತಿದೆ ಗೊತ್ತು, ಶನಿವಾರ ಮೂಲೆ ಮನೆಯವ್ರು ಬಿಸಿಬೇಳೆಬಾತ್ ಮಾಡ್ತಾರೆ ಅನ್ನೋದೂ ಗೊತ್ತು, ಇದನ್ನೆಲ್ಲ ವಾಸನೆ ಜೊತೆ ಕೂಡ್ಸಿ ಹಿಂದಕ್ಕೆ ಲೆಕ್ಕ ಹಾಕೋದೇ ಇನ್ವರ್ಸ್ ಮಾಡೆಲಿಂಗ್. ನಮ್ಮಲ್ಲಿ ವಾಸನೆ ಬದ್ಲು ಕಾರ್ಬನ್ ಡೈಆಕ್ಸೈಡ್, ಮನೆಗಳ ಬದ್ಲು ಕಾಡು, ಗದ್ದೆ, ಊರು, ಸಮುದ್ರ. ಮೊದಲೇ ಇರೋ ಅಂದಾಜು ಪ್ರಯರ್, ಅಳತೆ ನೋಡಿ ತಿದ್ದಿದ್ಮೇಲೆ ಬರೋದು ಪೋಸ್ಟೀರಿಯರ್. ಫಜೀತಿ ಏನಂದ್ರೆ ಇಲ್ಲಿ ಕೆಲವು ಮನೆಗಳು ವಾಸನೆ ಬಿಡಲ್ಲ, ಎಳ್ಕೊಳ್ಳುತ್ವೆ. ನಾವು ಬಿಡೋ ಕಾರ್ಬನ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಮಾತ್ರ ಗಾಳೀಲಿ ಉಳಿಯೋದು, ಮಿಕ್ಕಿದ್ದು ನೆಲ, ಸಮುದ್ರದ ಪಾಲು, ಎಲ್ಲಿ ಎಷ್ಟು ಅನ್ನೋದೇ ಎಲ್ಲರ ಜಗಳ.

ನಮ್ಮ ಕಡೆ ಅಳತೆಗಳು ತೀರಾ ಕಮ್ಮಿ. ಕಾರವಾರ ದಾಟಿ ಗೋವಾ ಕಡೆ ಹೋದ್ರೆ ಕೇಪ್ ರಾಮಾ ಸಿಗುತ್ತಲ್ಲ, ಅಲ್ಲಿ 1993ರಲ್ಲಿ ಫ್ಲಾಸ್ಕ್‌ಗೆ ಗಾಳಿ ತುಂಬ್ಸಿ ಆಸ್ಟ್ರೇಲಿಯಾಗೆ ಕಳ್ಸಿ ಅಳೆಯೋಕೆ ಶುರು ಮಾಡಿದ್ರು. 2014ರಿಂದ ಕಾರ್ಬನ್ ಡೈಆಕ್ಸೈಡ್ ಅಳೆಯೋ ಓಸಿಓ-2 ಸ್ಯಾಟಲೈಟ್ ಇದೆ, ಆದ್ರೆ ಮಳೆಗಾಲದಲ್ಲಿ ಅದಕ್ಕೆ ಮೋಡ ಬಿಟ್ರೆ ಬೇರೇನೂ ಕಾಣಲ್ಲ. ಹಾಗಾಗಿ ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಅಳೆಯೋ ಒಂದು ಟವರಿನ ಡೇಟಾ ಕೈಗೆ ಸಿಕ್ಕಾಗ ನಾನು ಕುಣಿದಾಡ್ಬಿಟ್ಟೆ.

ಅಕ್ಟೋಬರ್ ತಿಂಗಳಿಗೆ ರನ್ ಮಾಡಿದೆ, ಪಶ್ಚಿಮ ಘಟ್ಟ ದೊಡ್ಡ ಸೋರ್ಸ್ ಅಂತ ಬಂತು! ಮಳೆ ಮುಗಿದು ಇಡೀ ಘಟ್ಟ ಹಸಿರಾಗಿರೋ ಟೈಮಲ್ಲಿ ಕಾಡು ಕಾರ್ಬನ್ ಹೀರ್ಬೇಕು, ಇದು ಉಗುಳ್ತಿದೆ. ಅನುಮಾನ ಬರ್ಬೇಕಿತ್ತು, ಬರ್ಲಿಲ್ಲ, ಹೊಸ ವಿಷ್ಯ ಸಿಕ್ತು ಅಂತ ಖುಷಿ ಬಂತು. ಲೆಕ್ಕಕ್ಕೂ ಅಳತೆಗೂ ಇರೋ ವ್ಯತ್ಯಾಸ ನಾವು ಬರ್ದ ಎರರಿಗೆ ಹೊಂದುತ್ತಾ ಅಂತ ಹೇಳೋ ಕೈ-ಸ್ಕ್ವೇರ್ 1ರ ಹತ್ರ ಇರ್ಬೇಕಾದ್ದು 4 ದಾಟಿತ್ತು, ಅದಕ್ಕೆ ನಾನು ಮಾಡಿದ್ದು ಏನು ಗೊತ್ತಾ, ಅಳತೆಯ ಎರರನ್ನ ಸ್ವಲ್ಪ ಸ್ವಲ್ಪನೇ ಏರಿಸ್ತಾ ಹೋಗಿ 1ಕ್ಕೆ ತಂದು ಕೂರಿಸ್ದೆ. ಎಲ್ರೂ ಮಾಡೋದೇ, ಆದ್ರೂ ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಮೀಟಿಂಗಲ್ಲಿ ಜಂಬದಿಂದ "ಅನ್‌ಸರ್ಟೆನ್ಟಿ ಕೂಡ ಚೆನ್ನಾಗಿ ಇಳ್ದಿದೆ ಮೇಡಂ" ಅಂದೆ. ಅನ್‌ಸರ್ಟೆನ್ಟಿ ಅಂದ್ರೆ ಉತ್ತರ ಎಷ್ಟು ಆಚೀಚೆ ಇರ್ಬಹುದು ಅನ್ನೋ ಅಂದಾಜು. ಮೇಡಂ ನಕ್ರು. "ಅದು ಇಳಿದೇ ಇಳಿಯುತ್ತೆ ಕಣಪ್ಪಾ, ಆ ಫಾರ್ಮುಲಾದಲ್ಲಿ ಅಳತೆಯ ವ್ಯಾಲ್ಯೂ ಎಲ್ಲಿದೆ ತೋರ್ಸು ನೋಡೋಣ" ಅಂದ್ರು. ನಿಜ, ನಾವು ಮಾಡೋ ಲೀನಿಯರ್ ಲೆಕ್ಕದಲ್ಲಿ ಎಲ್ಲೆಲ್ಲಿ ಅಳೆದಿದೀವಿ, ಎಷ್ಟು ಸಲ ಅಳೆದಿದೀವಿ, ಎರರ್ ಎಷ್ಟು ಅಂತ ಬರ್ದಿದೀವಿ ಅನ್ನೋದಷ್ಟೇ ಅದಕ್ಕೆ ಬೇಕು, 415 ಪಿಪಿಎಂ (ಹತ್ತು ಲಕ್ಷದಲ್ಲಿ 415 ಪಾಲು) ಇರೋ ಕಡೆ 4150 ಅಂತ ಹಾಕಿದ್ರೂ ಅನ್‌ಸರ್ಟೆನ್ಟಿ ಅಷ್ಟೇ ಇಳಿಯುತ್ತೆ. ಪರೀಕ್ಷೆಗೆ ಓದಿದ್ದೆ, ತಲೆಗೆ ಹೋಗಿರ್ಲಿಲ್ಲ.

ಆಮೇಲೆ ರಾ ಡೇಟಾ ಪ್ಲಾಟ್ ತೋರ್ಸು ಅಂದ್ರು. ಮಾಡೇ ಇರ್ಲಿಲ್ಲ. ಅಲ್ಲೇ ಕೂತು ಗಂಟೆವಾರು ಸರಾಸರಿ ಹಾಕ್ದೆ. ಕಾರ್ಬನ್ ಡೈಆಕ್ಸೈಡ್ ಅತಿ ಕಮ್ಮಿ ಇದ್ದಿದ್ದು 9 ಗಂಟೆಗೆ, ಸಾಮಾನ್ಯವಾಗಿ ಅದು ಅಷ್ಟು ಇಳಿಯೋದು ಮಧ್ಯಾಹ್ನದ ಹೊತ್ತಿಗೆ. ಮೇಡಂ ಸ್ಕ್ರೀನ್ ಮೇಲೆ ಬೆರಳಿಟ್ಟು "ನಮ್ಮೂರಲ್ಲಿ ಬೆಳಿಗ್ಗೆ ಒಂಬತ್ತಕ್ಕೆಲ್ಲ ನಡುಮಧ್ಯಾಹ್ನ ಆಗ್ಬಿಡುತ್ತಾ?" ಅಂದ್ರು.

ಟೈಮ್ ಯುಟಿಸಿಯಲ್ಲಿತ್ತು, ಅಂದ್ರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯದಲ್ಲಿ. ಆ 9 ಅಂದ್ರೆ ನಮ್ಮ ಎರಡೂವರೆ. ನಾವು ಮಧ್ಯಾಹ್ನ 12ರಿಂದ 4ರ ಡೇಟಾ ಮಾತ್ರ ತಗೊಳ್ಳೋದು, ಯಾಕಂದ್ರೆ ಬಿಸಿಲಲ್ಲಿ ಗಾಳಿ ಒಂದೂವರೆ ಕಿಲೋಮೀಟರ್‌ವರೆಗೂ ಚೆನ್ನಾಗಿ ಕಲಸಿರುತ್ತೆ, ಹೊತ್ತು ಮುಳುಗಿದ್ಮೇಲೆ ಎಲ್ಲಾ ನೆಲದ ಹತ್ರ ನೂರಿನ್ನೂರು ಮೀಟರಲ್ಲೇ ಸಿಕ್ಕಾಕೊಳ್ಳುತ್ತೆ. ಅದೇ ಒಂದು ಚಮಚ ಸಕ್ಕರೆ, ಮಧ್ಯಾಹ್ನ ಬಿಂದಿಗೆ ನೀರಿಗೆ, ರಾತ್ರಿ ಲೋಟದ ನೀರಿಗೆ. ನನ್ನ ಫಿಲ್ಟರ್ ಯುಟಿಸಿಯ 12ರಿಂದ 4ನ್ನೇ ಮಧ್ಯಾಹ್ನ ಅಂದ್ಕೊಂಡು ಎತ್ಕೊಂಡಿದ್ದು ಸಂಜೆ ಐದೂವರೆಯಿಂದ ರಾತ್ರಿ ಒಂಬತ್ತೂವರೆವರೆಗಿನ ಲೋಟ. ಗಾಳಿ ಓಡಾಟ ಲೆಕ್ಕ ಹಾಕೋ ಮಾಡೆಲ್ ಆ ಹೊತ್ತಲ್ಲೂ ಗಾಳೀನ ಜಾಸ್ತಿನೇ ಕಲಸುತ್ತೆ, ಹಾಗಾಗಿ ಟವರಲ್ಲಿ ಕಂಡ ಸಿಹಿ ಮಾಡೆಲಲ್ಲಿ ಇಲ್ಲ, ವ್ಯತ್ಯಾಸ ತುಂಬೋಕೆ ಪಾಪ ನಮ್ಮ ಇನ್ವರ್ಸ್ ಲೆಕ್ಕ ಘಟ್ಟದ ಕಾಡಿನ ಕೈಲಿ ಸಕ್ಕರೆ ಸುರಿಸಿದೆ. ಕೋಡ್ ಯುರೋಪಿನವ್ರು ಬರ್ದಿದ್ದು, ಅಲ್ಲಿ ಯುಟಿಸಿಗೂ ಲೋಕಲ್ ಟೈಮಿಗೂ ಒಂದೆರಡು ಗಂಟೆ ಫರಕ್ಕು, ಯಾರಿಗೂ ತೊಂದ್ರೆ ಆಗಿರ್ಲಿಲ್ಲ. ನಮ್ಮದು ಐದೂವರೆ.

ಒಂದು ಲೈನ್ ಬದಲಾಯಿಸಿ ಮತ್ತೆ ಓಡಿಸ್ದೆ. ಸೋರ್ಸ್ ಮಾಯ, ಸಣ್ಣದೊಂದು ಸಿಂಕ್, ಅಂದ್ರೆ ಕಾರ್ಬನ್ ಹೀರೋ ಜಾಗ, ಅದೂ ಪ್ರಯರ್ ಹೇಳಿದ್ದಕ್ಕಿಂತ ಕೂದಲೆಳೆ ಆಚೆ. ಅಂದ್ರೆ ಒಂದೇ ಟವರಿಂದ ಅಷ್ಟು ದೊಡ್ಡ ಘಟ್ಟದ ಬಗ್ಗೆ ಹೊಸದಾಗಿ ಗೊತ್ತಾಗಿದ್ದು ಬಹಳ ಕಮ್ಮಿ. ಕಷ್ಟ ಏನಂದ್ರೆ ಕಾನ್ಫರೆನ್ಸ್‌ಗೆ ಅಬ್‌ಸ್ಟ್ರಾಕ್ಟ್ ಆಗ್ಲೇ ಕಳ್ಸಾಗಿತ್ತು, ಟೈಟಲಲ್ಲೇ ಸೋರ್ಸ್ ಅಂತ ಬರ್ದಿದ್ದೆ. ಕೊನೆಗೆ ಪೋಸ್ಟರಲ್ಲಿ ಅದೇ 9 ಗಂಟೆಯ ಪ್ಲಾಟನ್ನ ದೊಡ್ಡದಾಗಿ ಹಾಕ್ಕೊಂಡು ನಿಂತೆ. ನೋಡೋಕೆ ಬಂದವ್ರಲ್ಲಿ ಇಬ್ರು ಮೆಲ್ಲಗೆ ಲ್ಯಾಪ್‌ಟಾಪ್ ತೆಗೆದು ತಮ್ಮ ಕೋಡ್ ನೋಡ್ಕೊಂಡ್ರು.