ವಿಚಿತ್ರ ಖಾತೆ

ಬಳ್ಳಾರಿ ಅಂದರೆ ಹೊರಗಿನವರಿಗೆ ಬಿಸಿಲು, ಅದಿರು ಲಾರಿ, ಜೈಲು. ನಮ್ಮವರೂ ಕಮ್ಮಿ ಇಲ್ಲ. "ಇಲ್ಲಿರೋದು ಎರಡೇ ಕಾಲ, ಬೇಸಿಗೆ, ಕಡುಬೇಸಿಗೆ" ಅಂತ ತಾವೇ ಹೇಳಿ ನಗುತ್ತಾರೆ. ಆ ಊರಲ್ಲಿ ನೋಡೋಕೆ ಏನಿದೆ ಅಂತ ಯಾರಾದರೂ ಕೇಳಿದರೆ ನನ್ನ ಬಾಯಿ ಮಾತ್ರ ಈಗಲೂ ನಿಲ್ಲುವುದಿಲ್ಲ. ಅದಕ್ಕೆ ನಮ್ಮ ವಿಜ್ಞಾನದ ಸರ್ ಇಟ್ಟಿದ್ದ ಒಂದು ನೋಟ್‌ಬುಕ್ ಕಾರಣ.

ಅದರ ಹೆಸರು 'ವಿಚಿತ್ರ ಖಾತೆ'. ಲ್ಯಾಬಿನ ಕಿಟಕಿಗೆ ದಾರದಿಂದ ಕಟ್ಟಿರುತ್ತಿತ್ತು, ಜೊತೆಗೆ ಒಂದು ಮೋಟು ಪೆನ್ಸಿಲ್. ಯಾರು ಬೇಕಾದರೂ ಬರೆಯಬಹುದು, ಆದರೆ ಕಣ್ಣಾರೆ ನೋಡಿರಬೇಕು. ಅಮೆರಿಕದಲ್ಲಿ ಎರಡು ತಲೆಯ ಹಾವು ಹುಟ್ಟಿದೆಯಂತೆ ಅಂತ ಪೇಪರ್ ಕಟಿಂಗ್ ತಂದವನನ್ನು ಸರ್ ಕೇಳಿದರು: "ಯಾಕಪ್ಪಾ, ನಿಮ್ಮ ಓಣಿಯಲ್ಲಿ ಏನೂ ನಡೆಯೋದಿಲ್ಲೇನು?"

ಓಣಿಯಲ್ಲಿ ಬೇಕಾದಷ್ಟು ನಡೆಯುತ್ತಿತ್ತು. ಒಂದು ಕಟಿಂಗ್ ಶಾಪಿನ ಗಡಿಯಾರ ಸದಾ ಹತ್ತು ನಿಮಿಷ ಮುಂದೆ. ಓಣಿಯವರೆಲ್ಲ ಅದನ್ನು ನೋಡಿ, ಮನಸ್ಸಲ್ಲೇ ಹತ್ತು ಕಳೆದು ಹೊರಡುತ್ತಿದ್ದರು. ಯಾರೋ ಪುಣ್ಯಾತ್ಮ ಅದನ್ನು ಸರಿಮಾಡಿಸಿದ ದಿನ ಆ ಓಣಿಯ ಹುಡುಗರೆಲ್ಲ ಸ್ಕೂಲಿಗೆ ತಡ! ಇನ್ನೊಬ್ಬಳು ಸಂತೆಯಿಂದ ಅಜ್ಜಿ ತಂದ ಹುಂಜಕ್ಕೆ ಕಂಡಕ್ಟರ್ ಹರಿದುಕೊಟ್ಟ ಟಿಕೆಟ್ಟನ್ನು ಅನ್ನದ ಅಗುಳಿನಿಂದ ಅಂಟಿಸಿದ್ದಳು. ಕೆಳಗೆ ಒಂದೇ ಸಾಲು: "ಸೀಟು ಕೊಡಲಿಲ್ಲ."

ನಾನು ಕೋಟೆಯ ಕಥೆ ಬರೆಯಲು ಹೋದೆ. ಹೈದರ್ ಅಲಿ ಫ್ರೆಂಚ್ ಎಂಜಿನಿಯರ್ ಕೈಲಿ ಕೋಟೆ ಕಟ್ಟಿಸಿದ, ಆಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ, ಸಿಟ್ಟಿಗೆ ಅವನನ್ನು ನೇಣಿಗೆ ಹಾಕಿಸಿದ ಅನ್ನೋದು ಬಳ್ಳಾರಿಯಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆ. ಸರ್ ಒಪ್ಪಲಿಲ್ಲ. "ನೇಣು ಹಾಕಿದ್ದು ನೋಡಿದ್ಯೇನು? ಅವನದು ಅನ್ನೋ ಗೋರಿ ನೋಡಿದ್ರೆ ಗೋರಿ ಅಂತ ಬರಿ, ಸಾಕು." ನನಗೆ ಬೇಜಾರಾಗಿತ್ತು. ಕಥೆಯೇ ತಾನೇ ಚೆನ್ನಾಗಿದ್ದದ್ದು?

ಕುಡತಿನಿಯಿಂದ ಬರುತ್ತಿದ್ದ ಗೆಳೆಯ "ನಮ್ಮೂರ ಹತ್ರ ಬೂದಿಯ ದಿಬ್ಬ ಇದೆ" ಅಂತ ಬರೆದ. ರಾಕ್ಷಸನನ್ನು ಸುಟ್ಟ ಬೂದಿ ಅಂತ ಅವರಜ್ಜಿ ಹೇಳಿದ್ದರಂತೆ. ಅದು ಸಾವಿರಾರು ವರ್ಷಗಳ ಹಿಂದೆ ದನ ಸಾಕುತ್ತಿದ್ದ ಜನ ಸುಟ್ಟ ಸಗಣಿಯ ರಾಶಿ ಅಂತ ಸರ್ ಹೇಳಿದಾಗ ಕ್ಲಾಸು ಗೊಳ್ಳೆಂದಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕೂಡ ಈ ಬೂದಿಯ ಹಿಂದೆ ಬಿದ್ದವರೇ. ಬಳ್ಳಾರಿ ಜಿಲ್ಲೆಯ ಕಲ್ಲುಮಣ್ಣಿನ ಬಗ್ಗೆ 1895ರಲ್ಲಿ ದೊಡ್ಡ ಪುಸ್ತಕ ಬರೆದ ಮನುಷ್ಯ, ಸಗಣಿಗೂ ಅಷ್ಟೇ ಮರ್ಯಾದೆ ಕೊಟ್ಟ. ಊರಿನ ಮ್ಯೂಸಿಯಮ್ಮಿಗೆ ಈಗ ಅವನದೇ ಹೆಸರಿದೆ.

ಆದರೆ ಖಾತೆಯಲ್ಲಿ ಜಾಸ್ತಿ ಪುಟ ತಿಂದದ್ದು ಹಿರೇಗುಡ್ಡ. ಊರಿಂದ ದೂರವೇನಲ್ಲ, ಸಂಗನಕಲ್ಲು ಕಪ್ಪಗಲ್ಲಿನ ಹತ್ತಿರ. ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹತ್ತಿದೆವು. ಕಂದು ಬಣ್ಣದ ಗ್ರಾನೈಟ್ ಗುಡ್ಡ, ಅದರ ನಡುವೆ ಡಾಲರೈಟ್ ಅನ್ನೋ ಕಪ್ಪು ಕಲ್ಲಿನ ಗುಂಡುಗಳ ಸಾಲು. ಅವುಗಳ ಮೇಲೆಲ್ಲ ನವಶಿಲಾಯುಗದಿಂದ ಹಿಡಿದು ಜನ ಕುಟ್ಟಿ ಕುಟ್ಟಿ ಬಿಡಿಸಿದ ಚಿತ್ರಗಳು. ಉದ್ದ ಕೊಂಬಿನ, ಡುಬ್ಬದ ಎತ್ತುಗಳೇ ಜಾಸ್ತಿ. ಒಂದು ಗುಂಡಿನ ಮೇಲೆ ಚಿತ್ರವಿರಲಿಲ್ಲ, ಬರೀ ನುಣ್ಣನೆ ಕುಳಿಗಳು, ಹೆಬ್ಬೆರಳು ಇಟ್ಟರೆ ಸರಿಯಾಗಿ ಕೂರುವಂಥವು. ಸರ್ ಒಂದು ಗ್ರಾನೈಟ್ ಚೂರು ಹೆಕ್ಕಿ ಆ ಕುಳಿಗೆ ಮೆಲ್ಲಗೆ ತಟ್ಟಿದರು. ಟಣ್! ಥೇಟ್ ಗುಡಿಯ ಗಂಟೆ. ಪಕ್ಕದ ಗುಂಡಿಗೆ ನಾನು ತಟ್ಟಿದೆ, ಬರೀ ಟಪ್.

"ಎರಡೂ ಒಂದೇ ಕಲ್ಲು, ಇದ್ಯಾಕೆ ಹಿಂಗೆ?" ಸರ್ ಉತ್ತರ ಹೇಳಲಿಲ್ಲ. ಬುತ್ತಿಯ ಸ್ಟೀಲ್ ಲೋಟ ತೆಗೆದು, ಬಿಗಿಯಾಗಿ ಹಿಡಿದು ಚಮಚದಿಂದ ಬಡಿದರು. ಆಮೇಲೆ ಬೆರಳ ತುದಿಯಲ್ಲಿ ಇಟ್ಟುಕೊಂಡು ಬಡಿದರು. ನಾವು ಬಗ್ಗಿ ಕಲ್ಲುಗಳ ಬುಡ ನೋಡಿದೆವು. ನನ್ನದು ಮಣ್ಣಲ್ಲಿ ಅರ್ಧ ಹೂತಿತ್ತು. ಹಾಡುವ ಕಲ್ಲು ಎರಡು ಮೂರು ಕಡೆ ಮಾತ್ರ ತಾಗಿ ನಿಂತಿತ್ತು, ಅದಕ್ಕೆ ನಡುಗಲು ಜಾಗವಿತ್ತು. ಆದರೆ ಅಷ್ಟು ಗುಂಡುಗಳಲ್ಲಿ ಇದೇ ಹಾಡುತ್ತೆ ಅಂತ ಆ ಕಾಲದಲ್ಲಿ ಮೊದಲು ಕಂಡುಹಿಡಿದವರು ಎಷ್ಟು ಕಲ್ಲು ತಟ್ಟಿ ನೋಡಿರಬೇಕು, ಅಲ್ವಾ?

ವರ್ಷದ ಕೊನೆಗೆ ಯಾರೋ ಸರ್ ಬಗ್ಗೆಯೇ ಬರೆದರು: "ವಿಜ್ಞಾನದ ಸರ್ ಬಿಸಿಲಲ್ಲಿ ಕೊಡೆ ಹಿಡಿಯುತ್ತಾರೆ. ಮಳೆ ಬಂದರೆ ಮಡಚಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಾರೆ." ಸರ್ ಅದನ್ನು ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿಂದ ನೋಡಿದರು.

"ನೋಡಿದವರು ಯಾರು?"

ಇಡೀ ಕ್ಲಾಸು ಕೈ ಎತ್ತಿತು. ಸರ್ ಕೆಂಪು ಪೆನ್ನಿಂದ ಸರಿ ಗುರುತು ಹಾಕಿ, "ಹೊಸ ಕೊಡೆ ಕಣ್ರೋ" ಅಂದರು.