ಅದು ಉತ್ತರ ಕೊಡಾಕತ್ತೈತ್ರಿ

ಈ ವಾರ ಬೆಳಗಾವಿ ಉದ್ಯಮಬಾಗದ ನಮ್ಮ ವರ್ಕ್‌ಶಾಪಿನಿಂದ ಒಂದು ಟ್ರೇ ಬೋರ್ಡು ಗುಜರಿಗೆ ಹೋಗುವುದರಲ್ಲಿತ್ತು. ಎಲ್ಲದರ ಮೇಲೂ ಎಟಿಟೈನಿ85 ಎಂಬ, ಪುಟ್ಟ ಕಂಪ್ಯೂಟರಿನಂಥ ಚಿಪ್. ಒಂದೇ ತಂತಿಯಲ್ಲಿ ಚಿಪ್ಪಿನ ಜೊತೆ ಮಾತಾಡಿ ತಪ್ಪು ಹುಡುಕುವ ಡೀಬಗ್‌ವೈರ್ ವ್ಯವಸ್ಥೆಯ ಫ್ಯೂಸ್ (ಚಿಪ್ಪಿನೊಳಗಿನ ಸ್ವಿಚ್ಚಿನಂಥ ಸೆಟ್ಟಿಂಗ್) ಆನ್ ಮಾಡಿದ್ದೇ ತಡ, ಎಲ್ಲವೂ ಮೂಕಾದವು. ಆ ಫ್ಯೂಸ್ ಆನ್ ಆದ ಮೇಲೆ, ಚಿಪ್ಪನ್ನು ಮೊದಲಿನಿಂದ ಶುರು ಮಾಡಿಸುವ ರೀಸೆಟ್ ಪಿನ್ನೇ ಡೀಬಗ್ ತಂತಿಯಾಗುತ್ತದೆ, ಹಾಗಾಗಿ ಪ್ರೋಗ್ರಾಂ ತುಂಬುವ ಮಾಮೂಲಿ ಉಪಕರಣಕ್ಕೂ ಚಿಪ್ ಸಿಗುವುದಿಲ್ಲ. ಬೋರ್ಡ್ ಮಾಡಿಕೊಟ್ಟವರು ಫೋನಿನಲ್ಲೇ ತೀರ್ಪು ಕೊಟ್ಟರು: “ಚಿಪ್ ಡುಪ್ಲಿಕೇಟ್ ಅದಾವ್ರಿ, ಒಗದ್ ಬಿಡ್ರಿ.” ನೋಡದೆ ಹೀಗೆ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ನಮ್ಮಲ್ಲಿ ಟೆಸ್ಟಿಂಗಿಗೆ ಬೈಲಹೊಂಗಲ ಕಡೆಯ ಹುಡುಗಿಯೊಬ್ಬಳಿದ್ದಾಳೆ, ಡಿಪ್ಲೊಮಾ ಓದಿದಾಕೆ. ಮಾತು ಕಡಿಮೆ. ವಿದ್ಯುತ್ತಿನ ಏರಿಳಿತವನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪಿನ ಪ್ರೋಬನ್ನು ರೀಸೆಟ್ ಕಾಲಿಗೆ ಹಚ್ಚಿ ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು: “ಅಣ್ಣಾ, ಅದು ಉತ್ತರ ಕೊಡಾಕತ್ತೈತ್ರಿ. ಲೈನ್ ಮ್ಯಾಲ ಏಳವಲ್ದು.”

ಅವಳ ಈ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಪರದೆ ಮೇಲೆ ಚೌಕಾಕಾರದ ಅಲೆಗಳಿರಬೇಕಾದ ಕಡೆ, ತಳಕ್ಕೆ ಅಂಟಿಕೊಂಡ ಸಣ್ಣ ಹಲ್ಲುಗಳು. ಚಿಪ್ಪಿಗೆ ಲೈನನ್ನು ಕೆಳಗೆ ಎಳೆಯುವುದಷ್ಟೇ ಗೊತ್ತು, ಮೇಲಕ್ಕೆ ಎತ್ತುವುದು ಪುಲ್‌ಅಪ್ ರೆಸಿಸ್ಟರ್ ಕೆಲಸ. ಅಲ್ಲಿ 10 ಕಿಲೋ ಓಮ್ ಇತ್ತು, ಜೊತೆಗೆ ರೀಸೆಟ್‌ನಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್. ಎರಡನ್ನೂ ಗುಣಿಸಿದರೆ 1 ಮಿಲಿಸೆಕೆಂಡ್, ಲೈನ್ ಮೇಲೇಳಲು ಸುಮಾರು ಅಷ್ಟು ಹೊತ್ತಾದರೂ ಬೇಕು. ಚಿಪ್ ಓಡುವುದು 1 ಮೆಗಾಹರ್ಟ್ಸ್‌ನಲ್ಲಿ, ಡೀಬಗ್‌ವೈರ್ ವೇಗ ಅದರ 128ನೇ ಒಂದು ಭಾಗ, ಅಂದರೆ ಒಂದು ಬಿಟ್‌ಗೆ ಸಿಗುವುದು 128 ಮೈಕ್ರೋಸೆಕೆಂಡ್. ಲೈನ್ ಎದ್ದೇಳುವಷ್ಟರಲ್ಲಿ ಮುಂದಿನ ಬಿಟ್ ಬಂದು ಮತ್ತೆ ಕೆಳಗೆ ಎಳೆಯುತ್ತಿತ್ತು.

ಈ ಏರ್ಪಾಡಿನಲ್ಲಿ ನನಗೆ ಬಹಳ ಹಿಡಿಸುವ ಸಂಗತಿ ಒಂದಿದೆ. ಚಿಪ್ಪಿನ ಒಳಗಡಿಯಾರ ಕಾರ್ಖಾನೆಯಿಂದ ಬರುವಾಗಲೇ ನೂರಕ್ಕೆ ಹತ್ತರಷ್ಟು ಆಚೀಚೆ ಇರಬಹುದು. ಆದ್ದರಿಂದ ಡೀಬಗರ್, ಅಂದರೆ ಚಿಪ್ಪಿನ ಜೊತೆ ಮಾತಾಡುವ ಉಪಕರಣ, ತನ್ನ ವೇಗ ಹೇರುವುದಿಲ್ಲ. ಲೈನನ್ನು ಒಂದಿಷ್ಟು ಹೊತ್ತು ಕೆಳಗೆ ಹಿಡಿದು ಬಿಡುತ್ತದೆ, ಚಿಪ್ 0x55 (ಬಿಟ್‌ಗಳಲ್ಲಿ 01010101) ಎಂದು ಉತ್ತರಿಸುತ್ತದೆ. ಆ ಬೈಟಿನಲ್ಲಿ ಸೊನ್ನೆ ಒಂದು ಸಾಲಾಗಿ ಬದಲಾಗುತ್ತವೆ, ಅಂಚಿನಿಂದ ಅಂಚಿಗೆ ಅಳೆದರೆ ಎದುರಿನದರ ವೇಗ ಸಿಕ್ಕಿತು. ಎಲ್ಲ ಮಾತುಕತೆ ಆ ವೇಗದಲ್ಲೇ.

ಆ ಹುಡುಗಿ ನಮ್ಮಲ್ಲಿಗೆ ಬರುವ ಮೊದಲು ಒಂದು ಕಡೆ ಸಂದರ್ಶನಕ್ಕೆ ಹೋಗಿದ್ದಳಂತೆ. ಇಂಗ್ಲಿಷಿನಲ್ಲಿ ಕೇಳಿದರು, ಇವಳು ವಾಕ್ಯ ಕೂಡಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು. “ಏನೂ ಬರೂದಿಲ್ಲ ಅಂದ್ರು ಅಣ್ಣಾ” ಎಂದು ಊಟದ ಹೊತ್ತಿನಲ್ಲಿ ಹೇಳಿದಳು, ಡಬ್ಬಿ ಮುಚ್ಚುತ್ತ. ಅವಳಿಗೆ ಬರುವುದೆಷ್ಟೆಂದು ನಾನು ಕಣ್ಣಾರೆ ಕಂಡಿದ್ದೇನೆ. ಹಳ್ಳಿಯಿಂದ ಬಂದ ಎಷ್ಟು ಮಕ್ಕಳ ಮೇಲೆ ಈ ಷರಾ ಬಿದ್ದಿದೆಯೋ, ನೆನೆದರೆ ಸಿಟ್ಟು ಬರುತ್ತದೆ.

ಚಿಮಟದಲ್ಲಿ ಕೆಪಾಸಿಟರ್ ಹಿಡಿದು, ಎರಡೂ ಬದಿಗೆ ಸೋಲ್ಡರಿಂಗ್ ಐರನ್ ಮುಟ್ಟಿಸಿ ಎತ್ತಿದಳು. ಮತ್ತೆ ಡೀಬಗರ್ ಹಚ್ಚಿದಾಗ ಹಲ್ಲುಗಳೆಲ್ಲ ಪೂರ್ತಿ ಎತ್ತರಕ್ಕೆ ನಿಂತವು. ಟ್ರೇಯಲ್ಲಿದ್ದ ಅಷ್ಟೂ ಚಿಪ್ ಮಾತಾಡಿದವು.

ಬೋರ್ಡಿನವರಿಗೆ ಫೋನ್ ಮಾಡಿದರೆ “ರೀಸೆಟ್‌ಗೆ ಕೆಪಾಸಿಟರ್ ಎಲ್ಲಾರೂ ಹಾಕ್ತಾರ್ರಿ” ಅಂದರು. ಡೀಬಗ್‌ವೈರ್ ಬಳಸುವಾಗ ಅಲ್ಲಿ ಕೆಪಾಸಿಟರ್ ಇರಬಾರದೆಂದು ಚಿಪ್ಪಿನ ಡೇಟಾಶೀಟೇ (ತಯಾರಕರು ಕೊಡುವ ಕೈಪಿಡಿ) ಹೇಳುತ್ತದೆ. ಮುಂದಿನ ಲಾಟಿನ ಡ್ರಾಯಿಂಗನ್ನು ಅವಳೇ ಕೂತು ತಿದ್ದುತ್ತಿದ್ದಾಳೆ. ಅವರ ಜೊತೆ ಫೋನಿನಲ್ಲಿ ಮಾತಾಡುವವಳೂ ಇನ್ನು ಅವಳೇ.